ಬಂಡೀಪುರ: ಶುಷ್ಕ ಪರ್ಣಪಾತಿ ಅರಣ್ಯ ಮತ್ತು ಅದರ ರಕ್ಷಣೆ

ಮೈಸೂರು ಪ್ರಸ್ಥಭೂಮಿಯ ದಕ್ಷಿಣದ ಅಂಚಿನಲ್ಲಿ, ಪಶ್ಚಿಮಘಟ್ಟಗಳ ಮಳೆನೆರಳಿನಲ್ಲಿ ಹಬ್ಬಿರುವ ಬಂಡೀಪುರದ ಕಾಡು, ವರ್ಷದ ಆರೇಳು ತಿಂಗಳು ಹಸುರನ್ನು ಹೊದ್ದು ಉಳಿದ ಅವಧಿಯಲ್ಲಿ ಎಲೆಯುದುರಿಸಿಕೊಂಡು ನಿಲ್ಲತಕ್ಕ ಉಷ್ಣವಲಯದ ಶುಷ್ಕ ಪರ್ಣಪಾತಿ ಅರಣ್ಯಕ್ಕೆ ದಕ್ಷಿಣ ಭಾರತದಲ್ಲಿ ದೊರೆಯುವ ಉತ್ತಮ ನಿದರ್ಶನಗಳಲ್ಲೊಂದು. ಅದರ ಬಹುಭಾಗ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿಗೆ ಸೇರಿದ್ದರೂ, ಹೆಡಿಯಾಲದ ಸುತ್ತಣ ಕಾಡು ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿಗೂ, ನುಗು ಮತ್ತು ಗುಂಡ್ರೆಯ ಕಡೆಯದು ಹಿಂದಿನ ಹೆಗ್ಗಡದೇವನಕೋಟೆ ತಾಲ್ಲೂಕಿಗೂ ಸಲ್ಲುತ್ತವೆ. ದಕ್ಷಿಣದಲ್ಲಿ ಮೋಯಾರ್ ನದಿಯಾಚೆ ತಮಿಳುನಾಡಿನ ಮುದುಮಲೈ, ನೈರುತ್ಯದಲ್ಲಿ ಕೇರಳದ ವಯನಾಡು, ವಾಯವ್ಯದಲ್ಲಿ ಕಬಿನಿ ಜಲಾಶಯದಾಚೆ ನಾಗರಹೊಳೆ ಇವು ಇದರ ನೆರೆಯ ಕಾಡುಗಳು. ನಕ್ಷೆಯ ಮೇಲೆ ಮೂರು ರಾಜ್ಯಗಳಾಗಿ ಒಡೆದಿರುವ ಈ ಭೂಭಾಗ ಆನೆಯ ಪಾಲಿಗೆ ಒಂದೇ ಮನೆ. ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 870 ಚದರ ಕಿಲೋಮೀಟರಿಗೆ ತುಸು ಹೆಚ್ಚು. ಅತ್ಯುನ್ನತ ಸ್ಥಾನ 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟ.

ಅರಣ್ಯವೆಂದೊಡನೆ ಸದಾ ಹಸುರಾಗಿರುವ, ಬಿಸಿಲು ನೆಲ ಮುಟ್ಟದ ಮಲೆನಾಡಿನ ಕಾಡನ್ನೇ ನೆನೆಯುವವರಿಗೆ ಫಾಲ್ಗುಣ ಮಾಸದ ಬಂಡೀಪುರ ನಿರಾಶೆಯನ್ನುಂಟುಮಾಡೀತು. ಪಶ್ಚಿಮದ ಮೂಲೆಯಲ್ಲಿ ವರ್ಷಕ್ಕೆ 1,200 ಮಿಲಿಮೀಟರಿನಷ್ಟು ಬೀಳುವ ಮಳೆ ಪೂರ್ವದತ್ತ ಬಂದಂತೆ ಅದರ ಅರ್ಧಕ್ಕಿಳಿಯುತ್ತದೆ. ಮಾರ್ಗಶಿರ ಕಳೆದ ಮೇಲೆ ಆಕಾಶ ಹನಿ ಬಿಡುವುದು ಏಪ್ರಿಲಿನ ಗುಡುಗುಮಳೆಗೇ. ಈ ನಡುವಣ ದೀರ್ಘ ಅನಾವೃಷ್ಟಿಯನ್ನು ದಾಟುವುದಕ್ಕಾಗಿ ದಿಂಡಿಗ, ಮತ್ತಿ, ತೇಗ, ಹೊನ್ನೆ, ಬೀಟೆ, ನಂದಿ ಮೊದಲಾದ ಮರಗಳು ಎಲೆಯೆಂಬ ಖರ್ಚನ್ನೇ ನಿಲ್ಲಿಸಿ ಬರಿಮೈಯಾಗುತ್ತವೆ. ಬರಿದಾದ ಆ ಕೊಂಬೆಗಳ ನಡುವೆ ಬೂರುಗ ಮತ್ತು ಮುತ್ತುಗ ಕೆಂಪಗೆ ಹೂವಾಗುವುದೂ, ಅನಂತರ ಕಕ್ಕೆ ಹಳದಿಯ ಗೊಂಚಲುಗಳನ್ನು ಇಳಿಬಿಡುವುದೂ ಇದೇ ಬೇಗೆಯಲ್ಲಿಯೇ. ಆದಕಾರಣ ಈ ಕಾಡು ಒಣಗುವುದನ್ನು ರೋಗವೆಂದೆಣಿಸತಕ್ಕುದಲ್ಲ; ಒಣಗುವುದು ಅದರ ಬಾಳಿನ ಕ್ರಮ. ರಕ್ಷಣೆಯ ಹೆಸರಿನಲ್ಲಿ ನಡೆಯುವ ಹಲವು ಪ್ರಮಾದಗಳಿಗೆ ಈ ಒಂದು ಸಂಗತಿಯ ವಿಸ್ಮೃತಿಯೇ ಕಾರಣವೆಂದು ಈ ಲೇಖಕನ ಅಭಿಪ್ರಾಯ.

ಎಲೆಯುದುರುವುದರಿಂದ ಬೆಳಕು ನೆಲಕ್ಕಿಳಿಯುತ್ತದೆ, ಬೆಳಕಿಳಿದಲ್ಲಿ ಹುಲ್ಲು ಬೆಳೆಯುತ್ತದೆ, ಹುಲ್ಲಿದ್ದಲ್ಲಿ ಗೊರಸಿನ ಪ್ರಾಣಿಗಳು ಹಿಂಡುಗಟ್ಟುತ್ತವೆ. ದಟ್ಟ ಮಳೆಕಾಡಿಗಿಂತ ಇಂಥ ಬಿಡಿಬಿಡಿಯಾದ ಕಾಡಿನಲ್ಲಿಯೇ ದೊಡ್ಡ ಸಸ್ಯಾಹಾರಿಗಳೂ ಅವುಗಳನ್ನು ತಿಂದು ಬದುಕುವ ಹುಲಿ, ಚಿರತೆ, ಸೀಳುನಾಯಿಗಳೂ ಅಧಿಕ ಸಂಖ್ಯೆಯಲ್ಲಿರುವುದರ ರಹಸ್ಯ ಇಷ್ಟೇ. ಜಿಂಕೆ, ಕಡವೆ, ಕಾಟಿ, ಕಾಡುಹಂದಿ, ಕಾಡುಕುರಿ, ಜಗತ್ತಿನಲ್ಲಿ ನಾಲ್ಕು ಕೊಂಬುಳ್ಳ ಏಕಮಾತ್ರ ಕಾಡುಜಾತಿಯಾದ ಕೊಂಡುಕುರಿ, ಕರಡಿ, ಮುಸುವ, ಕೆಂದಳಿಲು ಇಲ್ಲಿಯ ಮುಖ್ಯ ಸ್ತನಿಗಳು. ಸೀಳುನಾಯಿಗಳನ್ನು ಕುರಿತ ಮೊದಲ ಶಾಸ್ತ್ರೀಯ ಕ್ಷೇತ್ರಾಧ್ಯಯನ ನಡೆದದ್ದು ಇಲ್ಲಿಯೇ: ಎ.ಜೆ.ಟಿ. ಜಾನ್‌ಸಿಂಗ್ ಅವರು 1970ರ ದಶಕದ ಉತ್ತರಾರ್ಧದಲ್ಲಿ ಬಂಡೀಪುರದ ಹಿಂಡುಗಳ ಬೆನ್ನುಬಿದ್ದು ಅವುಗಳ ಬೇಟೆ ಮತ್ತು ಸಂಸಾರಗಳನ್ನು ದಾಖಲಿಸಿದರು. ಮುಂದೆ ಕೃಪಾಕರ–ಸೇನಾನಿ ಜೋಡಿ ಅದೇ ಪ್ರಾಣಿಯನ್ನು ವರ್ಷಾನುಗಟ್ಟಲೆ ಚಿತ್ರೀಕರಿಸಿ ತಯಾರಿಸಿದ ಸಾಕ್ಷ್ಯಚಿತ್ರ ಅಂತರರಾಷ್ಟ್ರೀಯ ಮನ್ನಣೆ ಗಳಿಸಿತು. ಮೋಯಾರಿನ ಕಮರಿಯಲ್ಲಿ ಗೂಡುಕಟ್ಟುವ ರಣಹದ್ದುಗಳು ದಕ್ಷಿಣ ಭಾರತದಲ್ಲಿ ಉಳಿದಿರುವ ಆ ಕುಲದ ಮುಖ್ಯ ಸಂತತಿ.

ಕಾಡಿನಿಂದ ಬಹುದೂರದಲ್ಲಿದ್ದೇವೆಂದು ಭಾವಿಸುವ ಬಿಳಿಗೆರೆ ಹೋಬಳಿಯ ಅಥವಾ ತಿರುಮಕೂಡಲು ನರಸೀಪುರದ ರೈತನಿಗೆ ಈ ಕಾಡಿನೊಡನೆ ಇರುವ ನಂಟು ನೀರಿನದು. ವಯನಾಡಿನಲ್ಲಿ ಹುಟ್ಟುವ ಕಬಿನಿ, ನಂಜನಗೂಡಿನವರ ಬಾಯಲ್ಲಿ ಕಪಿಲೆ, ಈ ಕಾಡಿನ ಅಂಚನ್ನು ಸವರಿಕೊಂಡು ಬಂದು, ದಾರಿಯಲ್ಲಿ ನುಗುವನ್ನೂ, ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಹರಿದುಬರುವ ಗುಂಡ್ಲುಹೊಳೆಯನ್ನೂ ಕೂಡಿಕೊಂಡು, ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಪುರಾಣ ಕೌಂಡಿನ್ಯನ ಹೆಸರು ಕೊಟ್ಟು ಗೌರವಿಸಿದ ಗುಂಡ್ಲುಹೊಳೆ ಈಗ ವರ್ಷದ ಬಹುಕಾಲ ಮರಳಹಾಸಾಗಿರುತ್ತದೆ. ಶ್ರೀಕಂಠೇಶ್ವರನು ಟಿಪ್ಪುವಿನ ಪಟ್ಟದಾನೆಯ ಕಣ್ಣುಬೇನೆಯನ್ನು ವಾಸಿಮಾಡಿ ಹಕೀಂ ನಂಜುಂಡನೆನಿಸಿದನೆಂಬ ಐತಿಹ್ಯವನ್ನು ಭಕ್ತಿಯಿಂದ ಹೇಳುವ ನಂಜನಗೂಡಿನಲ್ಲಿ, ಆ ಆನೆಗಳ ತವರಾದ ಕಾಡು ತಮ್ಮದೇ ತಾಲ್ಲೂಕಿನ ನೈರುತ್ಯದಂಚಿನಲ್ಲಿದೆಯೆಂಬುದನ್ನು ನೆನೆಯುವವರು ಕಡಿಮೆ.

ಈ ಕಾಡಿನ ರಕ್ಷಣೆಯ ಚರಿತ್ರೆ ಬೇಟೆಯ ಚರಿತ್ರೆಯ ಹೊಟ್ಟೆಯಿಂದಲೇ ಹುಟ್ಟಿತು. ಅರಮನೆಯ ಮೃಗಯಾವಿಹಾರಕ್ಕೆಂದು ಕಾಯ್ದಿಟ್ಟಿದ್ದ ಈ ಪ್ರದೇಶದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ 1931ರಲ್ಲಿ 90 ಚದರ ಕಿಲೋಮೀಟರಿನ ಅಭಯಾರಣ್ಯವೊಂದನ್ನು ಗೊತ್ತುಮಾಡಲಾಯಿತು. ಹತ್ತು ವರ್ಷಗಳ ತರುವಾಯ, 1941ರಲ್ಲಿ, ಬೆಟ್ಟದ ಮೇಲಿನ ದೇವರ ಹೆಸರಿನಲ್ಲಿ ವೇಣುಗೋಪಾಲ ವನ್ಯಮೃಗವನ ಸ್ಥಾಪಿತವಾಗಿ ರಕ್ಷಿತ ಪ್ರದೇಶ 800 ಚದರ ಕಿಲೋಮೀಟರನ್ನು ಮೀರಿತು. ಸ್ವಾತಂತ್ರ್ಯಾನಂತರ ಭಾರತೀಯ ವನ್ಯಜೀವಿ ಮಂಡಳಿಯ ಪ್ರಥಮ ಅಧಿವೇಶನ 1952ರಲ್ಲಿ ಮೈಸೂರಿನಲ್ಲಿಯೇ, ಜಯಚಾಮರಾಜ ಒಡೆಯರ ಅಧ್ಯಕ್ಷತೆಯಲ್ಲಿ ಸೇರಿತು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮರುವರ್ಷ ಹುಲಿ ಯೋಜನೆ ಆರಂಭವಾದಾಗ ಆಯ್ಕೆಯಾದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಅಲ್ಲಿಂದ ಮುಂದೆ ಕಾಡಿನ ನಡುಭಾಗದಲ್ಲಿ ನಾಟಾಕ್ಕಾಗಿ ಮರ ಕಡಿಯುವುದು ನಿಂತಿತು. 1986ರಲ್ಲಿ ದೇಶದ ಮೊದಲ ಜೀವಗೋಲ ಮೀಸಲಾದ ನೀಲಗಿರಿಯ ವ್ಯಾಪ್ತಿಗೆ ಇದೂ ಒಳಪಟ್ಟಿತು.

ಕಾನೂನಿನಿಂದ ಕೊಡಲಿಯನ್ನು ತಡೆಯಬಹುದು, ಕೋವಿಯನ್ನೂ ತಕ್ಕಮಟ್ಟಿಗೆ ತಡೆಯಬಹುದು. ಬೆಂಕಿಯ ಮಾತು ಬೇರೆ. ಜನವರಿಯ ಹೊತ್ತಿಗೆ ಆಳೆತ್ತರದ ಹುಲ್ಲು ಕರಡಾಗಿ, ಅದರ ಮೇಲೆ ತರಗೆಲೆ ಮೊಣಕಾಲುದ್ದ ಬಿದ್ದು, ಬಿದಿರು ಒಣಗಿ ಸೀಳುಬಿಟ್ಟಿರುವಾಗ ಒಂದು ಬೀಡಿಯ ತುಂಡು ಸಾಕು. ಈ ಭಾಗದಲ್ಲಿ ಸಿಡಿಲಿನಿಂದ ಹೊತ್ತಿಕೊಳ್ಳುವ ಬೆಂಕಿ ಇಲ್ಲವೆನ್ನುವಷ್ಟು ವಿರಳ. ಸಿಡಿಲು ಬರುವುದು ಮಳೆಯೊಡನೆ. ಕಾಳ್ಗಿಚ್ಚೆಂದು ನಾವು ಕರೆಯುವುದೆಲ್ಲ ಸಾಮಾನ್ಯವಾಗಿ ಮನುಷ್ಯನ ಕೈಯಿಂದ ಹಚ್ಚಿಸಿಕೊಂಡದ್ದೇ: ಹೊಸ ಹುಲ್ಲು ಚಿಗುರಲೆಂದು ದನ ಕಾಯುವವನು, ಉದುರಿದ ಕೊಂಬು ಕಣ್ಣಿಗೆ ಬೀಳಲೆಂದು ಅದನ್ನು ಆಯುವವನು, ಅರಣ್ಯ ಇಲಾಖೆಯ ಮೇಲಣ ಸಿಟ್ಟನ್ನು ತೀರಿಸಿಕೊಳ್ಳಲೆಂದು ಮತ್ತೊಬ್ಬನು ಕಡ್ಡಿ ಗೀರುತ್ತಾನೆ. 2017ರ ಫೆಬ್ರವರಿಯಲ್ಲಿ ಕಲ್ಕೆರೆ ವಲಯದಲ್ಲಿ ಬೆಂಕಿಯನ್ನಾರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ತೆತ್ತರು. 2019ರ ಫೆಬ್ರವರಿಯ ಕೊನೆಯ ವಾರದಲ್ಲಿ ಗೋಪಾಲಸ್ವಾಮಿ ಬೆಟ್ಟ ಮತ್ತು ಕುಂದಕೆರೆಯ ಸುತ್ತಿನಲ್ಲಿ ಎದ್ದ ಬೆಂಕಿ ನಾಲ್ಕು ಸಾವಿರ ಹೆಕ್ಟೇರಿಗೂ ಮಿಕ್ಕ ಕಾಡನ್ನು ನೆಕ್ಕಿ, ಕಡೆಗೆ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಗಿ ಬಂತು.

ಹೆಲಿಕಾಪ್ಟರಿನ ನೀರು ಪತ್ರಿಕೆಯ ಮುಖಪುಟಕ್ಕೆ ಒಪ್ಪುತ್ತದೆ. ಕಾಡನ್ನುಳಿಸುವುದು ಅದಕ್ಕೆ ಎರಡು ತಿಂಗಳ ಮುಂಚೆ ನಡೆಯುವ, ಯಾರೂ ನೋಡದ ಕೆಲಸ. ಡಿಸೆಂಬರ್–ಜನವರಿಯಲ್ಲಿ ಕಾಡುದಾರಿಗಳ ಇಕ್ಕೆಲಗಳಲ್ಲಿಯೂ ವಲಯಗಳ ಗಡಿಯುದ್ದಕ್ಕೂ ಹುಲ್ಲು ಪೊದೆಗಳನ್ನು ಕುಡುಗೋಲಿನಿಂದ ಸವರಿ, ಒಣಗಲು ಬಿಟ್ಟು, ಗಾಳಿ ಅಡಗಿರುವ ಹೊತ್ತು ನೋಡಿ ಆ ಪಟ್ಟಿಯನ್ನು ತಾವೇ ಸುಡುತ್ತಾರೆ. ಇದೇ ಬೆಂಕಿರೇಖೆ. ಸುಡುವಾಗ ಎರಡು ಮಗ್ಗುಲಲ್ಲಿಯೂ ಹಸಿಸೊಪ್ಪಿನ ಕಟ್ಟು ಹಿಡಿದ ಆಳುಗಳು ಸಾಲಾಗಿ ನಿಂತು, ಗೆರೆ ದಾಟಿ ನುಸುಳುವ ಉರಿಯನ್ನು ಬಡಿಬಡಿದು ಆರಿಸುತ್ತಾರೆ. ಕಟ್ಟನ್ನು ಎತ್ತಿ ಹೊಡೆದರೆ ಕಿಡಿ ಹಾರುತ್ತದೆಂದು ಬಲ್ಲವರು ಅದನ್ನು ನೆಲಕ್ಕೆ ಒತ್ತಿ ಎಳೆಯುತ್ತಾರೆ. ಬೇಸಗೆಯ ಮಟ್ಟಿಗೆ ನೇಮಕವಾಗುವ ಬೆಂಕಿ ಕಾವಲುಗಾರರಲ್ಲಿ ಕಾಡಂಚಿನ ಹಾಡಿಗಳವರು ಬಹುಮಂದಿ. ಗಾಳಿ ಯಾವ ಹಳ್ಳದಿಂದ ತಿರುಗುತ್ತದೆ, ಯಾವ ಬಿದಿರುಮೆಳೆಯೊಳಗೆ ಉರಿ ಅಡಗಿದ್ದು ಮರುದಿನ ಎದ್ದೀತು ಎಂಬ ಅರಿವು ಅವರಲ್ಲಿದ್ದಷ್ಟು ಕೈಪಿಡಿಗಳಲ್ಲಿಲ್ಲ. ಹಾಗೆಂದು ಅವರ ದಿನಗೂಲಿ ಆ ಅರಿವಿಗೆ ತಕ್ಕಂತಿದೆಯೆಂದು ಹೇಳಲಾಗದು.

ಬೆಂಕಿ ಈ ಕಾಡಿಗೆ ಸರ್ವಥಾ ಶತ್ರುವೇ ಎಂಬುದು ಚರ್ಚಾಸ್ಪದ. ತೇಗ, ದಿಂಡಿಗ, ಮತ್ತಿಗಳ ಸಸಿಗಳು ಉರಿಯಲ್ಲಿ ಮೇಲ್ಭಾಗವನ್ನು ಕಳೆದುಕೊಂಡರೂ ಬೇರಿನಿಂದ ಮತ್ತೆ ಚಿಗುರಬಲ್ಲವು. ಹಿಂದೆ ಕಾಡಿನೊಳಗೆ ವಾಸವಾಗಿದ್ದ ಜನ ಚಳಿಗಾಲದ ಕೊನೆಯಲ್ಲಿ, ತೇವವಿನ್ನೂ ಆರದಿರುವಾಗ, ಸಣ್ಣ ಉರಿಗಳನ್ನು ಹಚ್ಚಿ ತರಗನ್ನು ತೆಗೆಯುವ ಪದ್ಧತಿಯಿತ್ತು. ಮೋಯಾರಿನಾಚೆ ಮುದುಮಲೈಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಿಂದ 50 ಹೆಕ್ಟೇರಿನ ಒಂದು ತುಂಡಿನಲ್ಲಿ ಪ್ರತಿಯೊಂದು ಮರಕ್ಕೂ ಸಂಖ್ಯೆ ಕೊಟ್ಟು ಅದರ ಹುಟ್ಟುಸಾವುಗಳನ್ನು ಲೆಕ್ಕವಿಡುತ್ತ ಬಂದಿದ್ದು, ಬೆಂಕಿ, ಬರ ಮತ್ತು ಆನೆ ಈ ಮೂರೂ ಸೇರಿ ಶುಷ್ಕಾರಣ್ಯವನ್ನು ರೂಪಿಸುವ ಬಗೆ ಅಲ್ಲಿ ಕಾಣಸಿಗುತ್ತದೆ. ಆದರೆ ಹಳೆಯ ಸಣ್ಣ ಉರಿಯನ್ನು ಇಂದು ಹಾಗೆಯೇ ಮರಳಿ ತರುವುದಕ್ಕೆ ಅಡ್ಡಿಯೊಂದುಂಟು. ಅದು ಲಂಟಾನ.

ಅಮೆರಿಕದ ಉಷ್ಣವಲಯದಿಂದ ಹೂವಿನ ಚೆಲುವಿಗಾಗಿ 1809ರ ಸುಮಾರಿಗೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತರಿಸಿದ ಈ ಮುಳ್ಳುಪೊದೆ ಹಕ್ಕಿಗಳ ಹೊಟ್ಟೆಯಲ್ಲಿ ಕುಳಿತು ದೇಶವನ್ನೆಲ್ಲ ಸುತ್ತಿ, ಬಂಡೀಪುರದಲ್ಲಿ ಆನೆಯನ್ನೂ ಮರೆಮಾಡುವಷ್ಟು ಎತ್ತರಕ್ಕೆ ಬೆಳೆದಿದೆ. ಅದರ ಎಲೆಯನ್ನು ಜಿಂಕೆ ಮುಟ್ಟದು, ಅದರಡಿಯಲ್ಲಿ ಹುಲ್ಲು ಏಳದು, ಮರದ ಸಸಿ ತಲೆಯೆತ್ತದು. ಒಣಗಿದಾಗಲಂತೂ ಅದು ನೆಲದ ಉರಿಯನ್ನು ಮರದ ತಲೆಗೇರಿಸುವ ಏಣಿ. ಬುಡ ಕಡಿದರೆ ಮತ್ತೆ ಚಿಗುರುತ್ತದೆ. ಬೇರುಸಹಿತ ಕಿತ್ತು ತಲೆಕೆಳಗಾಗಿ ಒಟ್ಟಿ, ಮುಂದಿನ ಎರಡು ಮೂರು ಮಳೆಗಾಲ ಹೊಸ ಸಸಿಗಳನ್ನು ಕೀಳುತ್ತಲೇ ಇದ್ದು, ತೆರವಾದ ನೆಲದಲ್ಲಿ ನಾಡಹುಲ್ಲನ್ನು ಎಬ್ಬಿಸಿದರೆ ಮಾತ್ರ ಫಲ. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಏಟ್ರೀ ಸಂಸ್ಥೆಯ ನೆರವಿನಿಂದ ಇದರ ಕಡ್ಡಿಯನ್ನು ಬೇಯಿಸಿ ತೊಗಟೆ ಸುಲಿದು ಕುರ್ಚಿ ಮೇಜುಗಳನ್ನು ಹೆಣೆಯುತ್ತಾರೆ. ಉಪಯೋಗವಾದರೂ ಆಗಲೆಂಬ ಈ ಯತ್ನ ಸ್ತುತ್ಯವೇ ಹೊರತು, ಕುರ್ಚಿಗಳಿಂದ ಲಂಟಾನ ಮುಗಿಯುವುದೆಂದು ನಂಬುವ ಹಾಗಿಲ್ಲ.

ಇಲ್ಲಿ ಮಧ್ಯ ಅಮೆರಿಕದ ಕೋಸ್ಟರಿಕ ದೇಶದ ಗ್ವಾನಕಾಸ್ತೆ ಸಂರಕ್ಷಣಾ ಪ್ರದೇಶವನ್ನು ನೆನೆಯುವುದು ಉಚಿತ. ಉಷ್ಣವಲಯದ ಪ್ರಮುಖ ಕಾಡುಗಳಲ್ಲೆಲ್ಲ ಹೆಚ್ಚು ಅಪಾಯಕ್ಕೀಡಾದದ್ದು ಮಳೆಕಾಡಲ್ಲ, ಶುಷ್ಕಾರಣ್ಯವೇ ಎಂದು 1980ರ ದಶಕದಲ್ಲಿ ಸಾರಿದ ಡೇನಿಯಲ್ ಜಾನ್ಜೆನ್ ಎಂಬ ವಿಜ್ಞಾನಿಯ ಮುಂದಾಳುತನದಲ್ಲಿ ಅಲ್ಲಿ ದನದ ಹುಲ್ಲುಗಾವಲಾಗಿ ಹೋಗಿದ್ದ ನೆಲವನ್ನು ಕೊಂಡು ಕಾಡಾಗಿಸಿದರು. ಅಲ್ಲಿಯ ಕಂಟಕ ಆಫ್ರಿಕದಿಂದ ತಂದ ಜರಾಗ್ವಾ ಎಂಬ ಹುಲ್ಲು; ಅದು ಪ್ರತಿವರ್ಷ ಉರಿದು ಸಸಿಗಳನ್ನು ಕೊಲ್ಲುತ್ತಿತ್ತು. ಬೆಂಕಿಯನ್ನು ಬಿಗಿಯಾಗಿ ತಡೆದರು, ಮೊದಮೊದಲು ಹುಲ್ಲನ್ನು ತಗ್ಗಿಸಲು ದನಗಳನ್ನೇ ಮೇಯಲು ಬಿಟ್ಟರು; ಗಾಳಿಯೂ ಪ್ರಾಣಿಪಕ್ಷಿಗಳೂ ಬೀಜ ತಂದು ಕಾಡು ತಾನಾಗಿ ಎದ್ದಿತು. 1999ರಲ್ಲಿ ಯುನೆಸ್ಕೊ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆ ಪಾಠ ಬಂಡೀಪುರಕ್ಕೆ ಅಕ್ಷರಶಃ ಅನ್ವಯಿಸದು. ಅಲ್ಲಿ ಹುಲ್ಲು ಕಾಡಿಗೆ ವೈರಿಯಾಗಿದ್ದರೆ ಇಲ್ಲಿ ಪೊದೆ ಹುಲ್ಲಿಗೆ ವೈರಿ. ಅಲ್ಲಿ ದನ ಕೂಲಿಯಾಳಾಯಿತು, ಇಲ್ಲಿ ಕಾಟಿ ಜಿಂಕೆಗಳಿಗೆ ಪಾಲುಗಾರ.

ದನದ ಪ್ರಶ್ನೆಯನ್ನು ತುಸು ವಿಸ್ತರಿಸಬೇಕು. ಗುಂಡ್ಲುಪೇಟೆ, ಹೆಡಿಯಾಲಗಳ ಕಾಡಂಚಿನ ಊರುಗಳಲ್ಲಿ ಹಾಲಿಗೂ ಉಳುಮೆಗೂ ಅಷ್ಟಾಗಿ ಒದಗದ ನಾಟಿ ದನಗಳನ್ನು ಹಿಂಡುಹಿಂಡಾಗಿ ಸಾಕುವುದನ್ನು ಕಂಡ ಹೊರಗಿನವರು ಅದನ್ನು ರೈತನ ಅವಿವೇಕವೆಂದು ಎಣಿಸಿದ್ದುಂಟು. 2005ರಲ್ಲಿ ಪ್ರಕಟವಾದ ಎಂ.ಡಿ. ಮಧುಸೂದನ್ ಅವರ ಅಧ್ಯಯನ ಇದರ ಒಳಲೆಕ್ಕವನ್ನು ಬಿಚ್ಚಿಟ್ಟಿತು: ಆ ದನಗಳು ಹಾಲಿಗಾಗಿ ಅಲ್ಲ, ಸಗಣಿಗಾಗಿ. ಬೆಳಗ್ಗೆ ಕಾಡಿಗಟ್ಟಿದ ದನ ಸಂಜೆ ಹೊಟ್ಟೆ ತುಂಬಿಕೊಂಡು ಕೊಟ್ಟಿಗೆಗೆ ಬರುತ್ತದೆ. ರಾತ್ರಿ ಬಿದ್ದ ಸಗಣಿ ತಿಪ್ಪೆ ಸೇರಿ, ಒಣಗಿ, ಲಾರಿಯೇರಿ ಕಾಫಿತೋಟಗಳ ಸೀಮೆಗೆ ಹೋಗುತ್ತದೆ. ಹಿಂದೆ ಇದೇ ಗೊಬ್ಬರ ಊರಿನ ರಾಗಿ ಜೋಳದ ಹೊಲಗಳಿಗೆ ಬೀಳುತ್ತಿತ್ತು. ಜಾಗತಿಕ ಮಾರುಕಟ್ಟೆಯಲ್ಲಿ ಕಾಫಿಯ ಬೆಲೆ ಏರಿದಾಗ ತೋಟದವರು ಹೆಚ್ಚು ಹಣ ಕೊಟ್ಟು ಕೊಂಡರು, ದನಗಳ ಸಂಖ್ಯೆಯೂ ಏರಿತು. ದೂರದೇಶದ ಯಾರದೋ ಬಟ್ಟಲಿನ ಕಾಫಿಗೂ ಹೆಡಿಯಾಲದ ಕಾಡಿನಲ್ಲಿ ಕಾಟಿಗೆ ದಕ್ಕದೆಹೋದ ಹುಲ್ಲಿಗೂ ಹೀಗೆ ಸಂಬಂಧ ಏರ್ಪಟ್ಟಿತು. ಹುಲ್ಲಿನೊಡನೆ ಕಾಡಿನ ಫಲವತ್ತತೆಯೇ ಲಾರಿಯಲ್ಲಿ ಸಾಗಿಹೋಗುತ್ತಿದೆಯೆಂಬುದನ್ನೂ ಗಮನಿಸಬೇಕು. ದನದಿಂದ ಕಾಡಿಗೆ ತಗಲುವ ರೋಗದ ಭಯ ಇನ್ನೊಂದು. 1968ರಲ್ಲಿ ಹಬ್ಬಿದ ದೊಡ್ಡರೋಗ ಬಂಡೀಪುರ, ಮುದುಮಲೈಗಳ ಕಾಟಿಗಳನ್ನು ಗುಂಪುಗುಂಪಾಗಿ ಕೊಂದಿತ್ತು. ಆ ರೋಗ 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾದುದು ಕಾಡಿಗೂ ದೊರೆತ ಲಾಭ.

ಸೌದೆಯ ವಿಷಯದಲ್ಲಿ ಪರಿಹಾರ ಇದಕ್ಕಿಂತ ಸುಲಭವಾಗಿ ಒದಗಿತು. ಕೃಪಾಕರ–ಸೇನಾನಿಯವರು ಗೆಳೆಯರೊಡಗೂಡಿ ಕಟ್ಟಿದ ‘ನಮ್ಮ ಸಂಘ’ ಕಾಡಂಚಿನ ಹಳ್ಳಿಗಳ ಮನೆಮನೆಗೆ ಅಡುಗೆ ಅನಿಲದ ಸಂಪರ್ಕ ಒದಗಿಸಿ, ಸಿಲಿಂಡರು ಖಾಲಿಯಾದಾಗ ಊರಬಾಗಿಲಿಗೇ ತಲುಪಿಸುವ ಏರ್ಪಾಡು ಮಾಡಿದುದರಿಂದ, ತಲೆಹೊರೆಯ ಸೌದೆಗಾಗಿ ಕಾಡು ಹೊಗುತ್ತಿದ್ದ ಹೆಂಗಸರ ಸಂಖ್ಯೆ ಇಳಿಯಿತು. ಉಪದೇಶವಿಲ್ಲದೆ ಅನುಕೂಲದಿಂದ ಕಾಡುಳಿಸಿದ ಈ ಬಗೆ ಅನುಕರಣೀಯ.

ಹೊಲ ಮತ್ತು ಕಾಡು ಎದುರುಬದುರಾಗುವ ಗಡಿಯಲ್ಲಿ ಇಂಥ ಸುಲಭೋಪಾಯಗಳಿಲ್ಲ. ಹೆಡಿಯಾಲದ ಕಡೆ ಆನೆಕಂದಕದ ಒಂದು ದಡ ಕಾಡು, ಇನ್ನೊಂದು ದಡ ಯಾರದೋ ಹತ್ತಿ ಅಥವಾ ರಾಗಿಯ ಹೊಲ. ಮಳೆ ಬಿದ್ದಾಗ ಕಂದಕದ ಮಣ್ಣು ಕುಸಿಯುತ್ತದೆ, ಕುಸಿದಲ್ಲಿ ಆನೆ ಮುಂಗಾಲಿನಿಂದ ಮಣ್ಣು ತಳ್ಳಿ ದಾರಿ ಮಾಡಿಕೊಳ್ಳುತ್ತದೆ. ಸೌರಬೇಲಿಯ ತಂತಿಯ ಮೇಲೆ ಒಣಮರ ಕೆಡವಿ ದಾಟಲು ಕಲಿತ ಸಲಗಗಳೂ ಉಂಟು. ಹಳೆಯ ರೈಲುಕಂಬಿಗಳನ್ನು ನೆಟ್ಟ ತಡೆಗೋಡೆ ಇವೆರಡಕ್ಕಿಂತ ಬಲವಾದದ್ದು, ಅಷ್ಟೇ ದುಬಾರಿಯೂ ಹೌದು. ರಾಮನ್ ಸುಕುಮಾರ್ ಅವರು 1980ರ ದಶಕದಲ್ಲಿ ಚಾಮರಾಜನಗರದ ಕಡೆ ನಡೆಸಿದ ಸಂಶೋಧನೆ, ಹೊಲಕ್ಕೆ ನುಗ್ಗುವುದರಲ್ಲಿ ಹೆಣ್ಣಾನೆಗಳ ಹಿಂಡಿಗಿಂತ ಒಂಟಿ ಸಲಗಗಳೇ ಬಹುಪಾಲು ಮುಂದೆಂದು ತೋರಿಸಿತು. ಕಾಡುಹುಲ್ಲಿಗಿಂತ ರಾಗಿ ಪುಷ್ಟಿಕರವೆಂಬುದನ್ನು ಸಲಗ ಬಲ್ಲುದು. ಕರ್ನಾಟಕದ 2023ರ ಗಣತಿಯಲ್ಲಿ ಬಂಡೀಪುರದ ಆನೆಗಳ ಅಂದಾಜು 1,116. ಅವುಗಳಲ್ಲಿ ಒಂದು ಒಂದು ರಾತ್ರಿ ಹೊಲಕ್ಕಿಳಿದರೂ ಒಂದು ಮನೆಯ ವರ್ಷದ ಅನ್ನ ಹೋಯಿತು. ಅಟ್ಟಣೆಯ ಮೇಲೆ ನಿದ್ದೆಗೆಟ್ಟು ಕೂರುವವನ ನಷ್ಟವನ್ನು ಯಾವ ಪರಿಹಾರಪಟ್ಟಿಯೂ ಎಣಿಸುವುದಿಲ್ಲ.

ಹುಲಿಯ ಸಂಗತಿ ಇನ್ನೂ ಕಠಿಣ. 2022ರ ಗಣತಿಯಂತೆ ಬಂಡೀಪುರದಲ್ಲಿ 150 ಹುಲಿಗಳಿವೆ. ಪ್ರಾಯಕ್ಕೆ ಬಂದ ಮರಿಗಳೂ ವಯಸ್ಸಾಗಿ ನೆಲೆ ಕಳೆದುಕೊಂಡ ಹುಲಿಗಳೂ ಬಲಿಷ್ಠರಿಂದ ತಳ್ಳಲ್ಪಟ್ಟು ಅಂಚಿಗೆ ಬರುವುದು ಸಹಜ. ಅಲ್ಲಿ ಸಿಗುವುದು ದನ, ದನದ ಹಿಂದೆ ಮನುಷ್ಯ. 2013ರ ಕೊನೆಯ ತಿಂಗಳುಗಳಲ್ಲಿ ಇದೇ ಅಂಚಿನ ಹಳ್ಳಿಗಳು ಕಂಡ ಸಾವುಗಳ ಸರಣಿ, ಹತ್ತು ವರ್ಷಗಳ ತರುವಾಯ 2023ರ ನವೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಬಳ್ಳೂರುಹುಂಡಿಯ ಬಳಿ ಮಹಿಳೆಯೊಬ್ಬರು ಹುಲಿಗೆ ಬಲಿಯಾದದ್ದು, ಆ ತಿಂಗಳಲ್ಲಿಯೇ ಅರಿವಳಿಕೆ ಕೊಟ್ಟು ಆ ಹುಲಿಯನ್ನು ಹಿಡಿದು ಸಾಗಿಸಿದ್ದು, ಇವೆಲ್ಲ ಸಂಖ್ಯೆಯ ಹಿಗ್ಗಿಗೆ ಕಟ್ಟಿಕೊಂಡ ಕಂದಾಯ. ಆ ಕಂದಾಯವನ್ನು ತೆರುವವರು ಪಟ್ಟಣದ ಹುಲಿಪ್ರಿಯರಲ್ಲವೆಂಬುದನ್ನು ಮರೆಯಲಾಗದು.

ಜೇನುಕುರುಬ, ಬೆಟ್ಟಕುರುಬ, ಸೋಲಿಗರು ಈ ಕಾಡುಗಳ ಮೂಲನಿವಾಸಿಗಳು. ಹುಲಿ ಯೋಜನೆಯ ಕಾಲದಲ್ಲಿ ಅನೇಕ ಹಾಡಿಗಳನ್ನು ಒಳಗಾಡಿನಿಂದ ಎಬ್ಬಿಸಿ ಅಂಚಿಗೆ ತಂದರು. ಜೇನು, ಗೆಣಸು, ನೆಲ್ಲಿ, ಪಾಚಿಗಳಿಂದ ಬದುಕುತ್ತಿದ್ದವರು ಕೂಲಿಗೆ ಬಿದ್ದರು. 2006ರ ಅರಣ್ಯ ಹಕ್ಕು ಕಾಯ್ದೆಯ ಮೇರೆಗೆ ನೆರೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯದ ಹಕ್ಕುಗಳು ದೊರೆತದ್ದು ಹುಲಿ ಮೀಸಲೊಂದರೊಳಗೆ ಅಂಥ ಮೊದಲ ನಿದರ್ಶನವಾಯಿತು.

ಈಚಿನ ವರ್ಷಗಳಲ್ಲಿ ಬೇಸಗೆಯ ನೀರಿಗಾಗಿ ಕೊಳವೆಬಾವಿ ತೋಡಿ, ಸೌರಶಕ್ತಿಯ ಪಂಪು ಕೂರಿಸಿ ಕೆರೆಗಳನ್ನು ತುಂಬಿಸುವುದು ಜನಪ್ರಿಯ ಕಾರ್ಯವಾಗಿದೆ. ಬಾಯಾರಿದ ಆನೆಗೆ ನೀರು ಕೊಡಬೇಡವೆನ್ನುವವನು ನಿರ್ದಯನೆನಿಸಿಕೊಂಡಾನು. ಆದರೂ ಹೇಳಬೇಕಾದ ಮಾತಿದೆ. ನೀರು ಬತ್ತಿದಾಗ ಹಿಂಡುಗಳು ಕಬಿನಿಯ ಹಿನ್ನೀರಿಗೆ ಇಳಿಯುವುದೂ, ಅಲ್ಲಿ ನೀರು ಸರಿದ ನೆಲದಲ್ಲಿ ಚಿಗುರಿದ ಹುಲ್ಲನ್ನು ಮೇಯುವುದೂ, ಆ ಎರಡು ಮೂರು ತಿಂಗಳು ಒಣನಾಡಿನ ಹುಲ್ಲುಬೇರುಗಳು ವಿಶ್ರಾಂತಿ ಪಡೆಯುವುದೂ ಒಂದಕ್ಕೊಂದು ಹೆಣೆದ ಕ್ರಮ. ಎಲ್ಲೆಡೆಯೂ ಎಂದೆಂದಿಗೂ ನೀರು ನಿಂತರೆ ಮೇವು ಎಲ್ಲಿಯೂ ಉಳಿಯದು. ಬರದಲ್ಲಿ ಸಾಯತಕ್ಕ ಪ್ರಾಣಿಗಳು ಬದುಕಿ, ಬರಗಾಲಕ್ಕೆ ಒಗ್ಗದಷ್ಟು ಸಂಖ್ಯೆ ಬೆಳೆದು, ಮುಂದಿನ ದೊಡ್ಡ ಬರದಲ್ಲಿ ಒಟ್ಟಿಗೆ ಕಷ್ಟಕ್ಕೀಡಾಗುವುದು ಸಂಭವನೀಯ. ಕೆರೆಗಳ ಹೂಳೆತ್ತುವುದು ಒಂದು, ಬೇಸಗೆಯನ್ನೇ ಅಳಿಸಲೆತ್ನಿಸುವುದು ಮತ್ತೊಂದು.

ಕಾಡನ್ನು ಸೀಳುವ ಎರಡು ಹೆದ್ದಾರಿಗಳು, ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಯ ಮೂಲಕ ಕಲ್ಲಿಕೋಟೆಗೆ ಹೋಗುವುದೂ ಉದಕಮಂಡಲಕ್ಕೆ ಹತ್ತುವುದೂ, ರಾತ್ರಿಯ ಹೊತ್ತು ವನ್ಯಮೃಗಗಳ ಹತ್ಯಾಸ್ಥಾನಗಳಾಗಿದ್ದುದರಿಂದ, 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧಿಸಿದರು. ವಿವಾದವೆದ್ದು ವ್ಯಾಜ್ಯ ನ್ಯಾಯಾಲಯವನ್ನೇರಿದಾಗ ಉಚ್ಚ ನ್ಯಾಯಾಲಯ 2010ರಲ್ಲಿ ನಿಷೇಧವನ್ನು ಎತ್ತಿಹಿಡಿಯಿತು. ಕೇರಳದ ಆಕ್ಷೇಪಣೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2019ರಲ್ಲಿ ವಯನಾಡಿನಲ್ಲಿ ದೊಡ್ಡ ಚಳವಳಿ ನಡೆದು, ಕಾಡಿನ ಮೇಲಿಂದ ಎತ್ತರಿಸಿದ ರಸ್ತೆ ಕಟ್ಟಬೇಕೆಂಬ ಸಲಹೆಯೂ ಬಂದಿತು. ಆ ಸೇತುವೆಯ ಕಂಬಗಳನ್ನು ನೆಡಲು ಕಾಡನ್ನು ಎಷ್ಟು ಕಾಲ ಅಗೆಯಬೇಕಾದೀತೆಂಬುದನ್ನು ಸಲಹೆ ಮಾಡಿದವರು ಹೆಚ್ಚಾಗಿ ಚರ್ಚಿಸಲಿಲ್ಲ. ಈಗ ರಾತ್ರಿಯಲ್ಲಿ ಆಂಬುಲೆನ್ಸುಗಳಿಗೂ ನಿಗದಿಯಾದ ಕೆಲವೇ ಸಾರಿಗೆ ಬಸ್ಸುಗಳಿಗೂ ಮಾತ್ರ ಅವಕಾಶವಿದ್ದು, ಉಳಿದ ವಾಹನಗಳು ಹುಣಸೂರು, ಗೋಣಿಕೊಪ್ಪ, ಕುಟ್ಟ, ಮಾನಂದವಾಡಿಗಳ ಸುತ್ತುದಾರಿಯನ್ನು ಹಿಡಿಯುತ್ತವೆ.